ಹಾಜಿಯವರ ಬಾಚಣಿಗೆ

ಬೋಳು ತಲೆಯ ಮನುಷ್ಯನೊಬ್ಬ ಅಂಗಿಯ ಜೇಬಿನಲ್ಲಿ ಸದಾ ಬಾಚಣಿಗೆ ಇಟ್ಟುಕೊಂಡಿದ್ದನ್ನು ನಾನು ನನ್ನ ಜೀವಮಾನದಲ್ಲಿ ಕಂಡದ್ದು ಒಂದೇ ಕಡೆ. ಬಹರೈನಿನ ಜಿಂಜ್‌ನಲ್ಲಿ, ನಾವಿರುವ ಕಟ್ಟಡದ ಕೆಳಗಿನ ಕೋಲ್ಡ್ ಸ್ಟೋರ್‌ನಲ್ಲಿ. ಕೋಲ್ಡ್ ಸ್ಟೋರ್ ಎಂದರೆ ಇಲ್ಲಿ ಗಲ್ಲಿಗೊಂದರಂತೆ ಇರುವ ದಿನಸಿ ಅಂಗಡಿ. ಹಾಲು, ಖುಬ್ಬೂಸ್ ರೊಟ್ಟಿ, ಮೊಟ್ಟೆ, ಫೋನಿನ ರೀಚಾರ್ಜು ಎಲ್ಲ ಸಿಗುತ್ತದೆ. ಅದರ ಯಜಮಾನರು ಉಳ್ಳಾಲದ ಕಡೆಯ ಬ್ಯಾರಿ ಹಿರಿಯರು. ಎಲ್ಲರಿಗೂ ಅವರು ಹಾಜಿಯವರು. ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ, ಇಲ್ಲಿ ನಾನೂ ಕರೆಯುವುದಿಲ್ಲ.

ಅವರು ಹೋಗಿ ವರ್ಷವಾಗುತ್ತಾ ಬಂತು. ನನಗೆ ಇನ್ನೂ ಸರಿಯಾಗಿ ನಂಬಿಕೆ ಬಂದಿಲ್ಲ. ಸಾವಿನ ಸುದ್ದಿ ಕೇಳಿ ಎದೆ ಧಸಕ್ಕೆನ್ನುವುದು ಬೇರೆ. ಹೋದವರ ಪಕ್ಕದ ಸೀಟಿನಲ್ಲಿ ಕೂತು ನಾನು ಊರು ನೋಡಿಕೊಂಡು ಬಂದಿದ್ದೆ ಎಂದು ಗೊತ್ತಾಗುವುದು ಬೇರೆ. ಈ ಎರಡನೆಯದನ್ನು ಏನೆಂದು ಕರೆಯಬೇಕೋ ನನಗೆ ಇವತ್ತಿಗೂ ತಿಳಿಯುತ್ತಿಲ್ಲ.

ಬಾಚಣಿಗೆಯ ಬಗ್ಗೆ ನಾವೆಲ್ಲ ತಮಾಷೆ ಮಾಡುತ್ತಿದ್ದೆವು. "ಹಾಜಿಯವರೇ, ಅಲ್ಲಿ ಬಾಚ್ಲಿಕ್ಕೆ ಎಂತ ಉಂಟು?" ಎಂದರೆ ಅವರು ಟೋಪಿ ತೆಗೆದು ತಲೆ ಸವರಿ, "ಗೊಬ್ಬರ ಹಾಕಿದ್ದೇನೆ, ಬರ್ತದೆ ಮಾರಾಯ" ಎನ್ನುತ್ತಿದ್ದರು. ಕಪ್ಪು ಪ್ಲಾಸ್ಟಿಕ್ಕಿನ, ಅಂಗೈಯಷ್ಟುದ್ದದ ಬಾಚಣಿಗೆ. ಅದರ ಜತೆ ಒಂದು ಹಳೆಯ ಫೋನು. ಜೇಬಿನ ಹೊಲಿಗೆ ಯಾವಾಗಲೂ ಬಿಡುವ ಹಂತದಲ್ಲಿ ಇರುತ್ತಿತ್ತು.

ಅದು ಯಾಕೆ ಎಂದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೊದಲ ವರ್ಷವೇ. ನಾನು ಆಗ ಸೀಫ್‌ನ ಒಂದು ಕಂಪನಿಯಲ್ಲಿ ಅಕೌಂಟೆಂಟ್ ಆಗಿ ಸೇರಿದ್ದೆ. ಮದುವೆಯಾಗಿರಲಿಲ್ಲ. ಕುಂದಾಪುರ ಕಡೆಯ ದಿನೇಶ ಎಂಬ ಎ.ಸಿ. ಮೆಕ್ಯಾನಿಕ್ ನನ್ನ ರೂಂಮೇಟು. ಒಂದು ಶುಕ್ರವಾರ ಬೆಳಗ್ಗೆ ಅವನು ಏಳಲೇ ಇಲ್ಲ. ನಾನು ಹೊರಗೆ ಓಡಿ ಕೂಗಿದೆ. ಪಕ್ಕದ ರೂಮಿನವರು ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದರು: "ಹಾಜಿಯವರಿಗೆ ಫೋನ್ ಮಾಡಿ."

ಕರಾವಳಿಯ ಕಡೆಯವರು ಯಾರು ಇಲ್ಲಿ ತೀರಿಕೊಂಡರೂ ಮೊದಲ ಫೋನು ಹೋಗುತ್ತಿದ್ದುದು ಅವರಿಗೆ. ಪೊಲೀಸಿಗಿಂತ ಮೊದಲು, ಕಂಪನಿಗಿಂತ ಮೊದಲು, ಎಷ್ಟೋ ಸಲ ಮನೆಯವರಿಗಿಂತ ಮೊದಲು. ಆಸ್ಪತ್ರೆಯ ಕಾಗದ, ಕಫೀಲನ, ಎಂದರೆ ವೀಸಾ ಕೊಟ್ಟ ಯಜಮಾನನ, ಸಹಿ, ಎಂಬಸಿಯ ಮುದ್ರೆ, ಪಾಸ್‌ಪೋರ್ಟ್ ರದ್ದು ಮಾಡಿಸುವುದು, ವಿಮಾನದ ಕಾರ್ಗೋದಲ್ಲಿ ಜಾಗ, ಇಷ್ಟೂ ದಾರಿ ಅವರಿಗೆ ಕಣ್ಣು ಮುಚ್ಚಿ ನಡೆಯುವಷ್ಟು ಗೊತ್ತಿತ್ತು. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಎಂದು ಅವರು ಕೇಳಿದ್ದಿಲ್ಲ. ಸಂಸ್ಕಾರ ಹೇಗೆ ಎಂದು ತಿಳಿಯಲು ಮಾತ್ರ ಕೇಳುತ್ತಿದ್ದರು.

ಆವತ್ತು ಅವರು ಲುಂಗಿಯಲ್ಲೇ ಓಡಿ ಬಂದರು. ನಾನು ತೊದಲುತ್ತಾ "ಬಾಡಿ ಎಲ್ಲಿಗೆ ತಗೊಂಡು ಹೋಗ್ಬೇಕು?" ಎಂದೆ. ಅವರ ಮುಖ ಗಂಟಿಕ್ಕಿತು.

"ಅವನಿಗೆ ಹೆಸರಿಲ್ವಾ?"

"ದಿನೇಶ."

"ಹಾಗಾದ್ರೆ ದಿನೇಶನನ್ನು ಎಲ್ಲಿಗೆ ಕರ್ಕೊಂಡು ಹೋಗುವ ಅಂತ ಕೇಳು. ನಿನ್ನೆ ನಿನ್ನ ಜತೆ ಊಟ ಮಾಡಿದವ. ಇವತ್ತು ಬಾಡಿ ಆದ್ನಾ?"

ಗಲ್ಫಿನಲ್ಲಿ ಎಲ್ಲರೂ ಬಾಡಿ ಎಂದೇ ಹೇಳುತ್ತಾರೆ. ಅವರ ಬಾಯಿಂದ ಮಾತ್ರ ಆ ಶಬ್ದ ಬಂದದ್ದನ್ನು ನಾನು ಕೇಳಿಲ್ಲ. "ಇವತ್ತು ದಿನೇಶ ಹೊರಡ್ತಾನೆ", "ರಾಬರ್ಟನಿಗೆ ಟಿಕೆಟ್ ಸಿಗ್ಲಿಲ್ಲ, ನಾಳೆ ಹೋಗ್ತಾನೆ" ಎನ್ನುತ್ತಿದ್ದರು. ಅಂಗಡಿಗೆ ಬಂದ ಹೊಸಬರು ಯಾರೋ ರಜೆಗೆ ಊರಿಗೆ ಹೋಗುತ್ತಿದ್ದಾರೆ ಎಂದುಕೊಳ್ಳಬೇಕು.

ದಿನೇಶನ ತಾಯಿಗೆ ನನ್ನ ಎದುರಿಗೇ ಫೋನ್ ಮಾಡಿದರು. ಆ ಕಡೆಯ ಅಳು ನನಗೂ ಕೇಳುತ್ತಿತ್ತು. ಇವರು ಸಮಾಧಾನ ಹೇಳಲಿಲ್ಲ, ದೇವರ ಇಚ್ಛೆ ಎಂದೂ ಹೇಳಲಿಲ್ಲ. ಅಳು ಸ್ವಲ್ಪ ತಗ್ಗುವವರೆಗೆ ಕಾದು, "ಮುಖ ಸಿಗ್ತದೆ ಅಮ್ಮ. ನಾನು ಜವಾಬ್ದಾರಿ" ಎಂದರು. ಅಷ್ಟೇ. ಅಲ್ಲಿಂದ ಮುಂದೆ ಎಷ್ಟೋ ಸಾವುಗಳಲ್ಲಿ ಅವರ ಕಾರಿಗೆ ನಾನು ಡ್ರೈವರನಾದೆ, ಅವರ ಇಂಗ್ಲಿಷ್ ಅರ್ಜಿಗಳಿಗೆ ಗುಮಾಸ್ತನಾದೆ. ಪ್ರತಿ ಸಲವೂ ಆ ಎರಡು ವಾಕ್ಯ ಕೇಳಿದ್ದೇನೆ.

ದಿನೇಶನ ಪೆಟ್ಟಿಗೆ ಮುಚ್ಚುವ ಮೊದಲು ಅವರು ಜೇಬಿಗೆ ಕೈ ಹಾಕಿ ಬಾಚಣಿಗೆ ತೆಗೆದರು. "ಇವನು ಬೈತಲೆ ಎಡಕ್ಕೆ ತೆಗೀತಿದ್ನಾ, ಬಲಕ್ಕಾ?" ಎಂದು ನನ್ನನ್ನು ಕೇಳಿದರು. ದಿನವೂ ಒಂದೇ ಕನ್ನಡಿಯಲ್ಲಿ ಮುಖ ನೋಡಿಕೊಂಡವರು ನಾವು. ನನಗೆ ನೆನಪಾಗಲಿಲ್ಲ. ಅವರು ದಿನೇಶನ ಸಿ.ಪಿ.ಆರ್. ಗುರುತಿನ ಕಾರ್ಡು ತರಿಸಿ, ಅದರಲ್ಲಿದ್ದ ಫೋಟೊ ನೋಡಿ, ನೀರು ಮುಟ್ಟಿಸಿ ಎಡಕ್ಕೆ ಬಾಚಿದರು. "ತಾಯಿ ಮುಖ ನೋಡುವಾಗ ಇದು ನನ್ನ ಮಗ ಅಲ್ಲ ಅಂತ ಒಂದು ಗಳಿಗೆ ಕೂಡ ಅನಿಸ್ಬಾರ್ದು" ಎಂದರು. ನಾನು ಹೊರಗೆ ಹೋಗಿ ಗೋಡೆ ಹಿಡಿದು ನಿಂತೆ.

ಹಾಗಂತ ಅವರು ಸದಾ ಗಂಭೀರವಾಗಿದ್ದವರಲ್ಲ. ನನ್ನ ಮಗಳು ಹುಟ್ಟಿ ಬೆಳೆದದ್ದು ಇಲ್ಲೇ. ಅಂಗಡಿಗೆ ಹೋಗಿ ಇಂಗ್ಲಿಷಿನಲ್ಲಿ ಚಾಕಲೇಟು ಕೇಳುತ್ತಿದ್ದಳು. "ಕನ್ನಡದಲ್ಲಿ ಕೇಳಿದ್ರೆ ಫ್ರೀ. ಇಂಗ್ಲಿಷಿನಲ್ಲಿ ಕೇಳಿದ್ರೆ ನಿನ್ನ ಅಪ್ಪನಿಗೆ ಬಿಲ್ಲು" ಎನ್ನುತ್ತಿದ್ದರು. ನನ್ನ ಮಗಳಿಗೆ ಬರುವ ಕನ್ನಡದ ಅರ್ಧ ಆ ಚಾಕಲೇಟಿನದು. ಕಾರ್ಗೋ ಆಫೀಸಿನ ಬಹರೈನಿ ಗುಮಾಸ್ತನೊಂದಿಗೆ ಅವರ ಜಗಳ ಕೇಳಲೇಬೇಕಿತ್ತು. ಅವನು ಅರಬಿಯಲ್ಲಿ, ಇವರು ಅರ್ಧ ಅರಬಿ ಅರ್ಧ ಹಿಂದಿಯಲ್ಲಿ. "ಇದು ಈರುಳ್ಳಿ ಮೂಟೆ ಅಲ್ಲ, ನಾಳೆಗೆ ಇಡ್ಲಿಕ್ಕೆ!" ಎಂದು ಮೇಜು ಗುದ್ದುತ್ತಿದ್ದರು. ಮುದ್ರೆ ಬಿದ್ದ ಮೇಲೆ ಇಬ್ಬರೂ ಕೂತು ಸುಲೈಮಾನಿ ಚಹಾ ಕುಡಿಯುತ್ತಿದ್ದರು.

ಇನ್ನೊಂದು ಕ್ರಮ ಅವರದು. ಗಂಡಸರ ತೀರ್ಮಾನವನ್ನು ಅವರು ತೀರ್ಮಾನ ಎಂದು ಒಪ್ಪುತ್ತಲೇ ಇರಲಿಲ್ಲ. ರಿಫಾದಲ್ಲಿ ಒಬ್ಬ ಬ್ಯಾರಿ ಡ್ರೈವರ್ ತೀರಿಕೊಂಡಾಗ ಅವನ ಅಣ್ಣತಮ್ಮಂದಿರು ಸೇರಿ, ಧರ್ಮದ ಪ್ರಕಾರ ತಡ ಮಾಡಬಾರದು, ಇಲ್ಲೇ ಮಣ್ಣು ಮಾಡೋಣ ಎಂದು ನಿರ್ಧರಿಸಿದ್ದರು. ಹಾಜಿಯವರು, "ಸರಿಯೇ. ಅವನ ಹೆಂಡ್ತಿಯ ಹತ್ರ ಕೇಳಿದ್ರಾ?" ಎಂದರು. ಯಾರೂ ಕೇಳಿರಲಿಲ್ಲ. "ಗಂಡಸರಿಗೆ ಯಾವಾಗಲೂ ಅವಸರ. ಮುಖ ನೋಡ್ಬೇಕಾದವಳು ಅವಳು" ಎಂದು ತಾವೇ ಫೋನ್ ಮಾಡಿದರು. ಆ ಹೆಂಗಸು ಅಲ್ಲೇ ಮಾಡಿ ಎಂದಳು. "ಹಾಂ, ಈಗ ಖಲಾಸ್" ಎಂದು ಎದ್ದರು.

ಈ ಮುಖದ ಹಟ ಎಲ್ಲಿಂದ ಬಂತು ಎಂದು ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ಹೋದ ಈದ್‌ಗೆ ನಮ್ಮ ಕಡೆಯ ಕೆಲವು ಕುಟುಂಬಗಳು ಸೇರಿ ಪ್ರವಾಸ ಹೋಗುವ ಮಾತು ಬಂತು. ಇಲ್ಲಿಯವರೆಲ್ಲ ರಜೆಗೆ ಜಾರ್ಜಿಯಾಕ್ಕೋ ಬಾಕುವಿಗೋ ಹೋಗಿ ಹಿಮದಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ಎಲ್ಲಿಗೂ ಬಾರದ ಹಾಜಿಯವರು ಅಂಗಡಿಯ ಕೌಂಟರಿನ ಹಿಂದಿನಿಂದ, "ಮೊಂಬಾಸಾಕ್ಕೆ ಹೋಗುವುದಾದ್ರೆ ನಾನೂ ಬರ್ತೇನೆ" ಎಂದರು. ನಮಗೆಲ್ಲ ಆಶ್ಚರ್ಯ.

ಅವರ ತಂದೆ ಮಂಜಿಯಲ್ಲಿ ಖಲಾಸಿಯಾಗಿದ್ದರಂತೆ. ಮಂಗಳೂರು ಹಂಚು ತುಂಬಿಕೊಂಡು ಈ ಮಂಜಿ ಎಂಬ ಹಾಯಿ ಹಡಗುಗಳು ಆಫ್ರಿಕಾದ ಕರಾವಳಿಗೆ ಹೋಗುತ್ತಿದ್ದ ಕಾಲ. ಹಾಗೆ ಹೋದವರು ಮೊಂಬಾಸಾದಲ್ಲಿ ಜ್ವರ ಬಂದು ತೀರಿಕೊಂಡರು. ಜತೆಗಿದ್ದವರು ಮುಂದಿನ ಮಳೆಗಾಲದ ಮೊದಲು ಊರಿಗೆ ಬಂದು ಸುದ್ದಿ ಹೇಳಿದರು. ಹಾಜಿಯವರು ಆಗ ಸಣ್ಣ ಹುಡುಗ. "ನನ್ನ ಉಮ್ಮ ನಂಬ್ಲೇ ಇಲ್ಲ. ಮುಖ ನೋಡದೆ ಹೇಗೆ ನಂಬುವುದು ಅಂತ ಹೇಳ್ತಿದ್ರು. ಸಾಯುವವರೆಗೆ ಬಾಗಿಲಿಗೆ ಚಿಲಕ ಹಾಕ್ಲಿಕ್ಕೆ ಬಿಡ್ಲಿಲ್ಲ." ಇದನ್ನು ಅವರು ನನಗೆ ಹೇಳಿದ್ದು ವಿಮಾನದಲ್ಲಿ, ಸೀಟ್ ಬೆಲ್ಟಿನ ಜತೆ ಗುದ್ದಾಡುತ್ತಾ.

ಮೊಂಬಾಸಾದಲ್ಲಿ ನಮಗೆ ಒಂದು ಸಣ್ಣ ಬಸ್ಸು, ಒಬ್ಬ ಗೈಡ್ ಹುಡುಗಿ. ತಲೆಗೆ ಹಳದಿ ಬಟ್ಟೆ, ಕೈಯಲ್ಲಿ ಮೈಕು, ಇಂಗ್ಲಿಷಿನ ನಡುವೆ ನಮ್ಮನ್ನು ನಗಿಸಲು ಹಿಂದಿ. ಹಾಜಿಯವರನ್ನು ಅವಳು 'ಬಾಬು' ಎಂದು ಕರೆದಳು, ಅವಳ ಭಾಷೆಯಲ್ಲಿ ಅಜ್ಜ ಎಂದು. ರಸ್ತೆಯ ಮೇಲೆ ಕಮಾನಿನಂತೆ ನಿಂತ ದೊಡ್ಡ ದೊಡ್ಡ ಆನೆದಂತಗಳ ಕೆಳಗೆ ನಾವೆಲ್ಲ ಫೋಟೊ ತೆಗೆಸಿಕೊಂಡೆವು. ಪೋರ್ಚುಗೀಸರ ಕೋಟೆ ನೋಡಿದೆವು. ಹಳೇ ಪೇಟೆಯ ಓಣಿಗಳಲ್ಲಿ ಕೆತ್ತನೆಯ ಬಾಗಿಲುಗಳನ್ನು ತೋರಿಸಿ ಅವಳು ವಿವರಿಸುತ್ತಿದ್ದರೆ ಹಾಜಿಯವರು ಮಾತ್ರ ಕತ್ತೆತ್ತಿ ಮಾಡಿನ ಹಂಚು ನೋಡುತ್ತಿದ್ದರು. "ಬಾಬು, ಬಾಗಿಲು ಇಲ್ಲಿದೆ!" ಎಂದು ಅವಳು ನಕ್ಕಳು.

ಹಳೇ ಬಂದರಿನ ಹತ್ತಿರ ಕಲ್ಲಿನ ಕಟ್ಟೆಯ ಮೇಲೆ ಒಬ್ಬ ಮುದುಕ ಹಿತ್ತಾಳೆಯ ಹೂಜಿಯಲ್ಲಿ ಕಾಫಿ ಮಾರುತ್ತಿದ್ದ. ಹಾಜಿಯವರು ಗೈಡಿನ ಮೂಲಕ ಅವನಿಗೆ ಹಂಚಿನ ವಿಷಯ ಕೇಳಿದರು. ಮುದುಕ ಎದ್ದು ಒಳಗೆ ಹೋಗಿ, ಹೂಕುಂಡದ ಕೆಳಗಿಟ್ಟಿದ್ದ ಒಂದು ಒಡೆದ ಹಂಚು ತಂದ. ಹಾಜಿಯವರು ಅದನ್ನು ಲುಂಗಿಯಂಚಿನಿಂದ ಉಜ್ಜಿದರು. ಉಬ್ಬಿದ ಅಕ್ಷರಗಳಲ್ಲಿ ಮಂಗಳೂರು ಎಂದಿತ್ತು. ಅದರ ಮೇಲೆ ಬೆರಳಾಡಿಸುತ್ತಾ, "ಇದು ಬಾಪ ಇಳಿಸಿದ್ದೇ ಇರ್ಬೇಕು ಅಂತ ಅಲ್ಲ. ಆದ್ರೂ" ಎಂದರು. ಹಡಗಿನವರನ್ನು ಎಲ್ಲಿ ಮಣ್ಣು ಮಾಡುತ್ತಿದ್ದರು ಎಂದು ಕೇಳಿದಾಗ ಮುದುಕ ಕೈಬೀಸಿ ಒಂದು ದಿಕ್ಕು ತೋರಿಸಿದ. ಅಲ್ಲೆಲ್ಲ ಈಗ ಮನೆಗಳು ಎಂದಳು ಗೈಡ್.

ಅವರು ಕಾಫಿ ಕುಡಿದರು. ಮುದುಕನ ಕೈ ಹಿಡಿದು ಸಲಾಂ ಹೇಳಿದರು. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ನನಗೆ ಹೇಳಿದರು: "ಇನ್ನು ನೀವು ಹೋಗಿ ನೋಡಿ ಬನ್ನಿ ಮಾರಾಯ. ನನಗೆ ನೋಡ್ಲಿಕ್ಕೆ ಇದ್ದದ್ದು ನೋಡಿ ಆಯ್ತು. ನಾನು ಸ್ವಲ್ಪ ಮಲಗ್ತೇನೆ."

ನಾವು ಮಸಾಲೆ ಮಾರುಕಟ್ಟೆಗೆ ಹೋದೆವು. ಏಲಕ್ಕಿ, ಲವಂಗ ಕೊಂಡೆವು. ವಾಪಸ್ ಬಂದಾಗ ಅವರು ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು ಮಲಗಿದ್ದರು. ಬಿಸಿಲು ಬೀಳುತ್ತದೆ ಎಂದು ನಾನು ಕಿಟಕಿಯ ಪರದೆ ಎಳೆದೆ. ಎ.ಸಿ. ಜೋರಾಗಿತ್ತು, ನನ್ನ ಹೆಂಡತಿ ತನ್ನ ಶಾಲು ಕೊಟ್ಟಳು, ಅದನ್ನೂ ಹೊದಿಸಿದೆ. ಅಲ್ಲಿಂದ ಗುಜರಾತಿಗಳ ದೇವಸ್ಥಾನ. ಅದಾದ ಮೇಲೆ ಮರದ ಕೆತ್ತನೆ ಮಾಡುವವರ ಕೇರಿ. ಪ್ರತಿ ಸಲ ಇಳಿದು ಹತ್ತಿದಾಗಲೂ ಅವರ ಮೊಣಕಾಲು ದಾಟಿ ನಾನು ನನ್ನ ಚೀಲ ತೆಗೆದುಕೊಂಡೆ. ಯಾರೋ ಹುರಿದ ಗೇರುಬೀಜದ ಪೊಟ್ಟಣವನ್ನು, ಎದ್ದ ಮೇಲೆ ತಿನ್ನಲಿ ಎಂದು, ಅವರ ಮಡಿಲಲ್ಲಿಟ್ಟರು. ಗೈಡ್ ಹುಡುಗಿ ಮೈಕಿನಲ್ಲಿ ದನಿ ತಗ್ಗಿಸಿ, ಬಾಬುವಿಗೆ ಎಚ್ಚರವಾಗದ ಹಾಗೆ ಮಾತಾಡಿದಳು. ಅಷ್ಟೊಂದು ಜನ ಇದ್ದೆವು, ಎಲ್ಲರೂ ಅವರ ಬಗ್ಗೆ ಅಷ್ಟೊಂದು ಕಾಳಜಿ ಮಾಡಿದೆವು.

ಊಟಕ್ಕೆ ಸಮುದ್ರದ ಬದಿಯ ಹೋಟೆಲಿನಲ್ಲಿ ನಿಂತಾಗ ನಾನು ಅವರ ಭುಜ ಅಲುಗಿಸಿದೆ. "ಹಾಜಿಯವರೇ, ಮೀನು ಉಂಟಂತೆ, ಏಳಿ." ಟೋಪಿ ಜಾರಿ ಮಡಿಲಿಗೆ ಬಿತ್ತು. ಕೈ ಮುಟ್ಟಿದೆ. ಆ ತಂಪು ಎ.ಸಿ.ಯದಲ್ಲ ಎಂದು ನನ್ನ ಬೆರಳಿಗೆ ನನಗಿಂತ ಮೊದಲು ಗೊತ್ತಾಯಿತು.

ಹೆಂಗಸರು ಕಿರುಚಿದರು. ಡ್ರೈವರ್ ಇಳಿದು ಓಡಿದ. ಹಿಂದಿನ ಸೀಟಿನಿಂದ ಯಾರೋ "ಫೋನ್ ಮಾಡಿ, ಫೋನ್ ಮಾಡಿ" ಎಂದು ಕೂಗಿದರು. ನಾನು ಮೊಬೈಲ್ ತೆಗೆದೆ. ಯೋಚನೆ ಮಾಡಲಿಲ್ಲ. ಇಷ್ಟು ವರ್ಷ ಇಂಥ ಹೊತ್ತಿನಲ್ಲಿ ಯಾವ ನಂಬರು ಒತ್ತಿದ್ದೆನೋ ಅದನ್ನೇ ಒತ್ತಿದೆ. ಅವರ ಜೇಬಿನಲ್ಲಿ ಫೋನು ರಿಂಗಾಯಿತು.

ಆ ಹಳೆಯ ಫೋನಿನ ಗಂಟೆ ಬಹಳ ಜೋರು, ಅಂಗಡಿಯ ಗದ್ದಲದಲ್ಲೂ ಕೇಳಿಸಬೇಕೆಂದು ಇಟ್ಟದ್ದು. ಬಾಚಣಿಗೆ ಅದರ ಜತೆ ಕಟಕಟ ಎಂದು ನಡುಗುತ್ತಿತ್ತು. ನನಗೆ ಕೆಂಪು ಗುಂಡಿ ಒತ್ತಲು ಬರಲಿಲ್ಲ. ನನ್ನ ಹೆಂಡತಿ ನನ್ನ ಕೈಯಿಂದ ಮೊಬೈಲ್ ಕಿತ್ತುಕೊಂಡು ನಿಲ್ಲಿಸಿದಳು.

ಆಸ್ಪತ್ರೆಯವರು ಹೃದಯ ನಿಂತಿದೆ, ಬಹಳ ಹೊತ್ತಾಗಿದೆ ಎಂದರು. ಅಲ್ಲಿಯ ಮಸೀದಿಯ ಹಿರಿಯರು ಸುದ್ದಿ ಕೇಳಿ ತಾವಾಗಿಯೇ ಬಂದರು. ಸಂಜೆಯೊಳಗೆ ತಾವೇ ಎಲ್ಲ ನೋಡಿಕೊಳ್ಳುತ್ತೇವೆ, ನಮ್ಮ ಕಬರಸ್ಥಾನದಲ್ಲಿ ಜಾಗ ಕೊಡುತ್ತೇವೆ ಎಂದರು. ಒಳ್ಳೆಯ ಜನ. ಬಹರೈನಿನ ರಿಫಾದಲ್ಲಿದ್ದ ಹಾಜಿಯವರ ಮಗ ಫೋನಿನಲ್ಲಿ ಅಳುತ್ತಾ ಹೇಳಿದ: "ಅಣ್ಣಾ, ಬಾಪ ಅಲ್ಲಿ ಐಸಿನಲ್ಲಿ ಮಲಗುವುದು ನನಗೆ ಬೇಡ. ಬೇಗ ಮಣ್ಣು ಕೊಡಿ. ಅಜ್ಜನೂ ಮಣ್ಣಾದ ಊರೇ ಅಲ್ವಾ ಅದು." ನಮ್ಮ ಗುಂಪಿನ ಗಂಡಸರೂ ತಲೆಯಾಡಿಸಿದರು. ನಾಡಿದ್ದು ವಿಮಾನ, ಎಲ್ಲರಿಗೂ ಡ್ಯೂಟಿ, ಪರಿಚಯವಿಲ್ಲದ ದೇಶ.

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನನ್ನ ಬಾಯಿಂದ ಬಂದದ್ದು ಇದು: "ಉಮ್ಮನ ಹತ್ರ ಕೇಳಿದ್ಯಾ?"

ಅವನು ಉಳ್ಳಾಲದ ಮನೆಗೆ ಲೈನು ಸೇರಿಸಿದ. ಹಾಜಿಯವರ ಹೆಂಡತಿಯನ್ನು ನಾನು ನೋಡಿರಲಿಲ್ಲ. ಅವರ ಮೀನಿನ ಉಪ್ಪಿನಕಾಯಿ ಮಾತ್ರ ವರ್ಷಕ್ಕೊಮ್ಮೆ ಯಾರದೋ ಕೈಯಲ್ಲಿ ನಮಗೂ ಬರುತ್ತಿತ್ತು. ಅವರು ಅಳುತ್ತಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

"ಮೋನೇ, ನೀನು ಪಕ್ಕದಲ್ಲೇ ಇದ್ಯಾ?" ಎಂದರು. ಮೋನೇ ಎಂದರೆ ಮಗನೇ ಎಂದು.

"ಇದ್ದೆ ಉಮ್ಮ."

"ಇವನು ಎಂತೆಂತದೋ ಹೇಳ್ತಾನೆ. ನನಗೆ ತಲೆಗೆ ಹೋಗುವುದಿಲ್ಲ. ನನ್ನ ಅತ್ತೆ ಸಾಯುವವರೆಗೆ ಬಾಗಿಲು ನೋಡಿದ್ರು, ಪಾಪ. ನನ್ನಿಂದ ಅದು ಆಗ್ಲಿಕ್ಕಿಲ್ಲ. ಊರಿನ ಹೆಂಗಸರಿಗೆಲ್ಲ ಇವರೇ ಮುಖ ತೋರಿಸಿದ್ರು. ನನಗೆ ತೋರಿಸ್ಲಿಕ್ಕೆ ಈಗ ಯಾರಿದ್ದಾರೆ ಮೋನೇ?"

"ಮುಖ ಸಿಗ್ತದೆ ಉಮ್ಮ. ನಾನು ಜವಾಬ್ದಾರಿ."

ನಾನು ಅವರ ಕಾರು ಓಡಿಸಿದವನು, ಅರ್ಜಿ ಬರೆದವನು ಅಷ್ಟೇ. ಯಾವ ಬಾಗಿಲನ್ನು ಮೊದಲು ತಟ್ಟಬೇಕು, ಯಾರ ಹತ್ತಿರ ಮೇಜು ಗುದ್ದಬೇಕು, ಯಾರ ಹತ್ತಿರ ಕೈಮುಗಿಯಬೇಕು ಎಂಬುದೆಲ್ಲ ಅವರ ಬೋಳು ತಲೆಯೊಳಗೆ ಇದ್ದದ್ದು. ಕೇಳೋಣವೆಂದರೆ ಅವರೇ ಒಳಗೆ ಮಲಗಿದ್ದಾರೆ.

ಉಳಿದವರು ಬಹರೈನಿಗೆ ಹಿಂದಿರುಗಿದರು. ನಾನು ನಿಂತೆ. ಆ ಗೈಡ್ ಹುಡುಗಿ ಬೇರೆ ಪ್ರವಾಸಿಗಳನ್ನು ಬಿಟ್ಟು ನನ್ನನ್ನು ಆಫೀಸಿನಿಂದ ಆಫೀಸಿಗೆ ಕರೆದುಕೊಂಡು ಹೋದಳು. ನಾವು ಮೊದಲ ದಿನ ಫೋಟೊ ತೆಗೆಸಿಕೊಂಡ ರಸ್ತೆಗಳಲ್ಲೇ ಓಡಾಟ. ಕೋಟೆ ಬಂದರೆ ಎಡಕ್ಕೆ ಪೊಲೀಸ್, ಮಾರುಕಟ್ಟೆ ದಾಟಿದರೆ ಮುದ್ರೆ ಹಾಕುವವರು. ಒಂದು ಕಡೆ ಗುಮಾಸ್ತನೊಬ್ಬ ಬಾಡಿಯ ಕಾಗದ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ನಾನು ಹಾಜಿಯವರ ಹೆಸರು ಹೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಹೆಸರೇ ಹೇಳಿದೆ.

ಪೆಟ್ಟಿಗೆ ಮುಚ್ಚುವ ಮೊದಲು ನನ್ನನ್ನು ಒಳಗೆ ಬಿಟ್ಟರು. ಮಸೀದಿಯವರು ಸ್ನಾನ ಮಾಡಿಸಿ ಬಿಳಿ ಬಟ್ಟೆ ಉಡಿಸಿದ್ದರು. ಆಸ್ಪತ್ರೆಯವರು ಕೊಟ್ಟ ಸಾಮಾನಿನ ಚೀಲದಿಂದ ನಾನು ಬಾಚಣಿಗೆ ತೆಗೆದೆ. ತಲೆಯಲ್ಲಿ ಬಾಚಲು ಏನೂ ಇರಲಿಲ್ಲ. ಮದರಂಗಿ ಹಚ್ಚಿದ ಗಡ್ಡ ಒಂದು ಬದಿಗೆ ಒತ್ತಿಕೊಂಡಿತ್ತು, ಬಸ್ಸಿನ ಕಿಟಕಿಗೆ ಒರಗಿದ್ದ ಬದಿಗೆ. ನೀರು ಮುಟ್ಟಿಸಿ ನಿಧಾನವಾಗಿ ನೇರ ಮಾಡಿದೆ. ಜಗಳಕ್ಕೆ ಮೊದಲು ಅವರು ಹೀಗೇ ಗಡ್ಡ ಕೆಳಕ್ಕೆ ನೀವಿಕೊಳ್ಳುತ್ತಿದ್ದರು.

ವಿಮಾನ ಬದಲಿಸಲು ಹಾಜಿಯವರು ಬಹರೈನಿನಲ್ಲೇ ಇಳಿಯಬೇಕಾಯಿತು. ಕಾರ್ಗೋ ಆಫೀಸಿನಲ್ಲಿ ಅದೇ ಗುಮಾಸ್ತ. ಕಾಗದ ತೆಗೆದುಕೊಂಡು, ತಲೆಯೆತ್ತದೆ, ಹಾಜಿ ಯಾಕೆ ಬರಲಿಲ್ಲ, ನಿನ್ನನ್ನು ಯಾಕೆ ಕಳಿಸಿದರು ಎಂದು ಗೊಣಗಿದ. ಆಮೇಲೆ ಹೆಸರಿನ ಸಾಲಿಗೆ ಬಂದ. ಅವನ ಪೆನ್ನು ಅಲ್ಲೇ ನಿಂತಿತು. ಎದ್ದು ಹೊರಗೆ ಬಂದು, ಲೋಡ್ ಮಾಡುವ ಬಂಗಾಳಿ, ಪಾಕಿಸ್ತಾನಿ ಹುಡುಗರನ್ನೆಲ್ಲ ಕೂಗಿ ಕರೆದ. ಮೂಟೆಗಳ ನಡುವೆ ಸಾಲಾಗಿ ನಿಂತು ಅವರು ನಮಾಜು ಮಾಡಿದರು. ಹಾಜಿಯವರ ಮಗ ಅವರ ಜತೆ ನಿಂತ. ನಾನು ಹಿಂದೆ ಗೋಡೆಯ ಹತ್ತಿರ ನಿಂತೆ, ದಿನೇಶ ಹೊರಟ ದಿನ ನಿಂತ ಹಾಗೆ. ಅವತ್ತು ಚಹಾ ಯಾರೂ ಕುಡಿಯಲಿಲ್ಲ.

ಮಗ ಅದೇ ವಿಮಾನದಲ್ಲಿ ಮಂಗಳೂರಿಗೆ ಹೋದ. ನಾನು ಆಫೀಸಿಗೆ ಹೋದೆ. ಮರುದಿನ ಮಧ್ಯಾಹ್ನ ಉಳ್ಳಾಲದಿಂದ ಫೋನ್ ಬಂತು. ಹಿಂದೆ ತುಂಬ ಜನರ ಸದ್ದು.

"ಮುಖ ಸಿಕ್ತು ಮೋನೇ" ಎಂದರು ಅವರ ಹೆಂಡತಿ. ಈಗ ಅವರು ಅಳುತ್ತಿದ್ದರು. "ಅವರದ್ದೇ ಮುಖ. ಒಂದು ಚೂರೂ ಬದಲಾಗ್ಲಿಲ್ಲ. ಸುಮ್ಮನೆ ನಿದ್ದೆ ಮಾಡಿದ ಹಾಗೆ ಉಂಟು, ಅಲ್ವಾ?"

"ಹೌದು ಉಮ್ಮ" ಎಂದೆ. "ನಾನೂ ಹಾಗೇ ಅಂದುಕೊಂಡಿದ್ದೆ."